ಆಕಾರಕ್ಕೆ ಸಮೀಕರಣದ ನೆನಪಿದೆಯೇ?

(ದತ್ತಿ ಉಪನ್ಯಾಸದ ಪಠ್ಯ)



ಸಮೀಕರಣದಿಂದ ಆಕಾರಕ್ಕೆ ಹೋಗುವ ದಾರಿಯನ್ನು ನಾವೆಲ್ಲ ಹೈಸ್ಕೂಲಿನಲ್ಲೇ ಕಲಿತಿದ್ದೇವೆ. ಸಮೀಕರಣ ಕೊಟ್ಟರೆ ಗ್ರಾಫ್ ಹಾಳೆಯ ಮೇಲೆ ಬಿಂದುಗಳನ್ನು ಗುರುತಿಸಿ ವೃತ್ತವನ್ನೋ ಪರವಲಯವನ್ನೋ ಎಳೆಯುತ್ತೇವೆ. ನನ್ನ ಇಂದಿನ ವಿಷಯ ಅದರ ಹಿಮ್ಮುಖ ದಾರಿ. ಆಕಾರವೊಂದನ್ನೇ ಮುಂದಿಟ್ಟು, ಇದನ್ನು ಹುಟ್ಟಿಸಿದ ಸಮೀಕರಣ ಯಾವುದೆಂದು ಕೇಳಿದರೆ ಹೇಳಲು ಬರುತ್ತದೆಯೇ? ಬೀಜಗಣಿತೀಯ ಜ್ಯಾಮಿತಿಯವರು ಈ ಪ್ರಶ್ನೆಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಕೇಳುತ್ತ ಬಂದಿದ್ದಾರೆ. ಉತ್ತರದ ದೊಡ್ಡ ಭಾಗ ಬಂದದ್ದು ಅವರ ಕೋಣೆಯಿಂದಲ್ಲ, ಪಕ್ಕದ ಕೋಣೆಯಿಂದ. ಹೆಚ್ಚಿನ ಆಯಾಮದ ಮ್ಯಾನಿಫೋಲ್ಡ್‌ಗಳನ್ನು ವರ್ಗೀಕರಿಸುತ್ತಿದ್ದ ಟೋಪಾಲಜಿಯವರಿಂದ. ಆ ಉತ್ತರ ನಮ್ಮ ನಿರೀಕ್ಷೆಗೆ ತಿರುಗುಮುರುಗಾಗಿದೆ. ಕೆಳಗಿನ ಆಯಾಮಗಳಲ್ಲಿ ಆಕಾರಕ್ಕೆ ಸಮೀಕರಣದ ನೆನಪು ಬಲವಾಗಿದೆ. ಮೇಲಕ್ಕೆ ಹೋದಂತೆ ಆಕಾರಗಳ ಪಟ್ಟಿ ಸಲೀಸಾಗುತ್ತದೆ, ನೆನಪು ಮಾತ್ರ ಮಸುಕಾಗುತ್ತದೆ. ಈ ಎರಡರ ಗಡಿ ಎಲ್ಲಿದೆ ಎಂಬುದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದವರಲ್ಲಿ ಒಬ್ಬರು, ತಮ್ಮ ಕೊನೆಯ ದಿನಗಳನ್ನು ಬೆಂಗಳೂರಿನಲ್ಲಿ ಕಳೆದ ಸಿ. ಪಿ. ರಾಮಾನುಜಂ. ಶ್ರೀನಿವಾಸ ರಾಮಾನುಜನ್ ಅಲ್ಲ, ಇವರು ಬೇರೆ. ಅವರ ಕೆಲಸದವರೆಗೆ ನಿಮ್ಮನ್ನು ಕರೆದೊಯ್ಯುವುದೇ ಈ ಉಪನ್ಯಾಸದ ಉದ್ದೇಶ.

1854ರ ಜೂನ್ 10ರಂದು ಗಾಟಿಂಗೆನ್‌ನಲ್ಲಿ, ಗಾಸ್ ಅವರ ಎದುರಿನಲ್ಲಿ, ಬರ್ನ್‌ಹಾರ್ಡ್ ರೀಮನ್ ಎಂಬ 27ರ ತರುಣ ಮಾಡಿದ ಉಪನ್ಯಾಸದಿಂದ ಮ್ಯಾನಿಫೋಲ್ಡ್ ಎಂಬ ಕಲ್ಪನೆ ಗಣಿತಕ್ಕೆ ಬಂತು. ಯಾವ ಬಿಂದುವಿನ ಬಳಿ ನಿಂತು ನೋಡಿದರೂ ಸುತ್ತಲಿನ ಸ್ವಲ್ಪ ಜಾಗ ನಮ್ಮ ಸಾಮಾನ್ಯ ಅವಕಾಶದಂತೆಯೇ ಕಾಣಬೇಕು. ಒಟ್ಟಾರೆ ಮಾತ್ರ ಹೇಗೆ ಬೇಕಾದರೂ ಸುತ್ತಿಕೊಂಡಿರಬಹುದು. ಎರಡು ಆಯಾಮದಲ್ಲಿ ಇಂಥವುಗಳ ಪಟ್ಟಿ 19ನೇ ಶತಮಾನದಲ್ಲೇ ಸಿದ್ಧವಾಯಿತು. ಅಂಚಿಲ್ಲದೆ ಮುಚ್ಚಿಕೊಂಡ, ಒಳಹೊರಗೆಂಬ ಭೇದವುಳ್ಳ ಮೇಲ್ಮೈಗಳಲ್ಲಿ ಗೋಳ ಮೊದಲನೆಯದು, ಕೊಡುಬಳೆಯ ಮೇಲ್ಮೈ ಎರಡನೆಯದು. ಆಮೇಲೆ ಎರಡು ತೂತಿನದು, ಮೂರು ತೂತಿನದು, ಹೀಗೆ. ತೂತುಗಳ ಎಣಿಕೆಯೊಂದೇ ಸಾಕು.

ಇದಕ್ಕೂ ಸಮೀಕರಣಕ್ಕೂ ನಂಟು ಬರುವುದು ಸಂಕೀರ್ಣ ಸಂಖ್ಯೆಗಳ ಮೂಲಕ. ಒಂದು ಸಂಕೀರ್ಣ ಸಂಖ್ಯೆ ಎಂದರೆ ಎರಡು ವಾಸ್ತವ ಸಂಖ್ಯೆಗಳ ಜೋಡಿ. ಹೀಗಾಗಿ ಸಂಕೀರ್ಣ ಸಂಖ್ಯೆಗಳ ಮೇಲಿನ ವಕ್ರರೇಖೆ ನಿಜಕ್ಕೂ ಎರಡು ಆಯಾಮದ ಮೇಲ್ಮೈ. ಅನಂತದಲ್ಲಿರುವ ಬಿಂದುಗಳನ್ನೂ ಸೇರಿಸಿಕೊಂಡರೆ, ಘಾತ 3ರ ನಯವಾದ ಸಮೀಕರಣ ಕೊಡುಬಳೆಯನ್ನು ಕೊಡುತ್ತದೆ, ಘಾತ 4ರದ್ದು ಮೂರು ತೂತಿನ ಮೇಲ್ಮೈಯನ್ನು. ಘಾತದಿಂದ ಒಂದನ್ನು ಕಳೆದು, ಎರಡನ್ನೂ ಕಳೆದು, ಗುಣಿಸಿ ಅರ್ಧ ಮಾಡಿದರೆ ತೂತುಗಳ ಸಂಖ್ಯೆ ಸಿಗುತ್ತದೆ. ಇಲ್ಲಿ ಆಕಾರಕ್ಕೆ ಗುಣಾಂಕಗಳು ನೆನಪಿಲ್ಲ, ನಿಜ. ಆದರೆ ತೂತುಗಳ ಸಂಖ್ಯೆ ಒಂದೇ ಆಗಿದ್ದ ಯಾವ ಎರಡು ವಕ್ರರೇಖೆಗಳನ್ನು ತೆಗೆದುಕೊಂಡರೂ ಒಂದನ್ನು ಮೆಲ್ಲಮೆಲ್ಲಗೆ ಬದಲಿಸುತ್ತ ಇನ್ನೊಂದಕ್ಕೆ ತಲುಪಬಹುದು. ಅಂದರೆ ಸಮೀಕರಣದ ಮನೆತನ ಯಾವುದೆಂಬುದು ಆಕಾರಕ್ಕೆ ಪೂರ್ತಿ ಗೊತ್ತಿದೆ.

ಆಯಾಮ ಏರಿದರೆ ಪಟ್ಟಿ ಮಾಡುವುದು ಇನ್ನೂ ಕಷ್ಟವಾಗಬೇಕು ಎಂದು ಎಲ್ಲರೂ ಎಣಿಸಿದ್ದರು. ಒಂದು ಅರ್ಥದಲ್ಲಿ ಅದು ನಿಜವೇ. ನಾಲ್ಕು ಮತ್ತು ಮೇಲಿನ ಆಯಾಮಗಳ ಎಲ್ಲ ಮ್ಯಾನಿಫೋಲ್ಡ್‌ಗಳನ್ನೂ ಗುರುತಿಸಬಲ್ಲ ವಿಧಾನ ಇರಲು ಸಾಧ್ಯವೇ ಇಲ್ಲವೆಂದು 1958ರಲ್ಲಿ ರಷ್ಯಾದ ಮಾರ್ಕೊವ್ ಸಾಧಿಸಿದರು. ಅಡ್ಡಿ ಇರುವುದು ಕುಣಿಕೆಗಳಲ್ಲಿ. ಮ್ಯಾನಿಫೋಲ್ಡ್‌ನೊಳಗೆ ಎಳೆದ ಕುಣಿಕೆಯನ್ನು ಬಿಂದುವಾಗುವಷ್ಟು ಕುಗ್ಗಿಸಲಾಗದಿದ್ದರೆ, ಅಂಥ ಕುಣಿಕೆಗಳ ನಡುವಣ ಸಂಬಂಧ ಬಗೆಹರಿಯದ ಮಟ್ಟಿಗೆ ಜಟಿಲವಾಗಬಹುದು. ಎಲ್ಲ ಕುಣಿಕೆಗಳೂ ಕುಗ್ಗುವ ಮ್ಯಾನಿಫೋಲ್ಡ್‌ಗಳಿಗಷ್ಟೇ ಸೀಮಿತಗೊಂಡರೆ ಚಿತ್ರ ಬದಲಾಗುತ್ತದೆ. ಆಗ ಐದು ಮತ್ತು ಅದಕ್ಕೂ ಮೇಲಿನ ಆಯಾಮಗಳು ಮೂರು, ನಾಲ್ಕಕ್ಕಿಂತ ಸುಲಭ.

ಏಕೆಂದರೆ ಅಲ್ಲಿ ಜಾಗ ಹೆಚ್ಚು. ಹಾಳೆಯ ಮೇಲೆ ಅಡ್ಡ ಹಾಯ್ದ ಎರಡು ಗೆರೆಗಳನ್ನು ಹಾಳೆ ಬಿಡದೆ ಬೇರ್ಪಡಿಸಲಾಗದು. ಮೂರನೇ ಆಯಾಮವಿದ್ದರೆ ಒಂದನ್ನು ತುಸು ಎತ್ತಿದರೆ ಆಯಿತು. ಅದೇ ರೀತಿ ಎರಡು ಆಯಾಮದ ಎರಡು ಬಿಲ್ಲೆಗಳು ನಾಲ್ಕು ಆಯಾಮದಲ್ಲಿ ಬಿಂದುಗಳಲ್ಲಿ ತಾಗಿ ಹಟ ಹಿಡಿದು ಕೂರುತ್ತವೆ, ಐದು ಆಯಾಮದಲ್ಲಿ ಸ್ವಲ್ಪ ಅಲುಗಿಸಿದರೂ ಬೇರೆಯಾಗುತ್ತವೆ. ಎರಡಕ್ಕೆ ಎರಡು ಸೇರಿಸಿದರೆ ನಾಲ್ಕು, ಅದು ಐದಕ್ಕಿಂತ ಕಡಿಮೆ. ಇಷ್ಟು ಸಣ್ಣ ಲೆಕ್ಕ ಇಡೀ ಶಾಸ್ತ್ರದ ಬುಡದಲ್ಲಿದೆ. ಹ್ಯಾಸ್ಲರ್ ವಿಟ್ನಿ 1944ರಲ್ಲಿ ಇದನ್ನು ಉಪಾಯವಾಗಿ ಬಳಸಿದರು. ಬಿಲ್ಲೆಯೊಂದು ತನ್ನನ್ನು ತಾನು ಕತ್ತರಿಸದೆ ಕೂರುವಷ್ಟು ಜಾಗವಿದ್ದರೆ, ಅದರ ಉದ್ದಕ್ಕೂ ಜಾರಿಸಿ ಬೇಡದ ಛೇದಗಳನ್ನು ಜೋಡಿಜೋಡಿಯಾಗಿ ಅಳಿಸಬಹುದು.

ಸ್ಟೀಫನ್ ಸ್ಮೇಲ್ 1960ರಲ್ಲಿ ರಿಯೊ ಡಿ ಜನೈರೊದ ಗಣಿತ ಸಂಸ್ಥೆಯಲ್ಲಿದ್ದಾಗ ಇದೇ ಉಪಾಯವನ್ನು ಹಿಡಿದು ಮುಂದುವರಿದರು. ಪ್ವಾಂಕಾರೆ 1904ರಲ್ಲಿ ಮೂರು ಆಯಾಮದ ಗೋಳದ ಬಗ್ಗೆ ಕೇಳಿದ್ದ ಪ್ರಶ್ನೆಯನ್ನು ಐದು ಮತ್ತು ಮೇಲಿನ ಎಲ್ಲ ಆಯಾಮಗಳಲ್ಲಿ ಬಗೆಹರಿಸಿದರು. ಅದಕ್ಕಿಂತ ಮುಖ್ಯವಾದದ್ದು ಅದರ ಹಿಂದಿನ ಪ್ರಮೇಯ. ಅದಕ್ಕೆ ಎಚ್-ಕೋಬಾರ್ಡಿಸಂ ಪ್ರಮೇಯವೆಂದು ಹೆಸರು. ಎರಡು ಅಂಚುಗಳ ನಡುವೆ ಒಂದು ಘನ ತುಂಬಿಕೊಂಡಿದೆ ಎನ್ನಿ. ಕುಣಿಕೆಗಳೆಲ್ಲ ಕುಗ್ಗುತ್ತವೆ, ಇಡೀ ಘನವನ್ನು ಎರಡರಲ್ಲಿ ಯಾವ ಅಂಚಿನ ಮೇಲಕ್ಕೆ ಬೇಕಾದರೂ ಕುಗ್ಗಿಸಬಹುದು, ಅಂಚುಗಳ ಆಯಾಮ ಕನಿಷ್ಠ 5. ಹಾಗಿದ್ದರೆ ಆ ಘನ ಬರಿಯ ಕೊಳವೆ: ಒಂದು ಅಂಚನ್ನೇ ನೇರವಾಗಿ ಎಳೆದು ಇನ್ನೊಂದನ್ನು ಮಾಡಿದಂತೆ. ಮ್ಯಾನಿಫೋಲ್ಡ್‌ಗಳನ್ನು ಕತ್ತರಿಸಿ, ತುಂಡು ತೆಗೆದು, ಬೇರೆ ತುಂಡು ಹೊಲಿದು ಸೇರಿಸುವ ‘ಸರ್ಜರಿ’ ವಿಧಾನ ಇದರ ಮೇಲೆಯೇ ನಿಂತಿತು. ಮಿಲ್ನರ್, ಕೆರ್ವೇರ್, ಬ್ರೌಡರ್, ನೋವಿಕೊವ್, ಸಲಿವನ್, ವಾಲ್ ಹತ್ತೇ ವರ್ಷಗಳಲ್ಲಿ ಅದನ್ನು ಪೂರ್ಣ ಶಾಸ್ತ್ರವಾಗಿ ಬೆಳೆಸಿದರು. ಅದರ ಮೊದಲ ಅಚ್ಚರಿ 1956ರಷ್ಟು ಹಿಂದೆಯೇ ಬಂದಿತ್ತು. ಏಳು ಆಯಾಮದ ಗೋಳವೇ ಆಗಿದ್ದರೂ ಕಲನಶಾಸ್ತ್ರ ಮಾಡುವಾಗ ಬೇರೆಯಾಗಿ ವರ್ತಿಸುವ ಗೋಳಗಳನ್ನು ಜಾನ್ ಮಿಲ್ನರ್ ಕಂಡುಹಿಡಿದರು. 1963ರಲ್ಲಿ ಕೆರ್ವೇರ್ ಮತ್ತು ಮಿಲ್ನರ್ ಎಣಿಸಿದಂತೆ, ದಿಕ್ಕನ್ನೂ ಗಣನೆಗೆ ತೆಗೆದುಕೊಂಡರೆ, ಅವು ನಮ್ಮ ಮಾಮೂಲಿ ಗೋಳವೂ ಸೇರಿ ಒಟ್ಟು 28.

ಈ ಶಾಸ್ತ್ರ ಬೀಜಗಣಿತೀಯ ಜ್ಯಾಮಿತಿಗೆ ಏನು ಕೊಟ್ಟಿತು? ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಅ⁵ + ಬ⁵ + ಕ⁵ + ಡ⁵ + ಇ⁵ = 0 ಎಂಬ ಸಮೀಕರಣ ತೆಗೆದುಕೊಳ್ಳಿ. ಐದು ಚರಗಳ ಅನುಪಾತಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಇದು ಸಂಕೀರ್ಣ ಆಯಾಮ 3ರ, ಅಂದರೆ ವಾಸ್ತವ ಆಯಾಮ 6ರ ಮ್ಯಾನಿಫೋಲ್ಡ್. ಸ್ಟ್ರಿಂಗ್ ಸಿದ್ಧಾಂತದವರು ಬಹಳವಾಗಿ ನೆಚ್ಚಿಕೊಂಡ ಆಕಾರ ಇದು. ಕುಣಿಕೆಗಳೆಲ್ಲ ಕುಗ್ಗುವ, ಹೋಮಾಲಜಿಯಲ್ಲಿ, ಎಂದರೆ ಎಲ್ಲ ಆಯಾಮಗಳ ತೂತುಗಳ ಲೆಕ್ಕದಲ್ಲಿ, ತೊಡಕಿಲ್ಲದ ಇಂಥ ಆರು ಆಯಾಮದ ಮ್ಯಾನಿಫೋಲ್ಡ್‌ಗಳನ್ನು ಸಿ. ಟಿ. ಸಿ. ವಾಲ್ 1966ರಲ್ಲಿ ವರ್ಗೀಕರಿಸಿದರು. 1973ರಲ್ಲಿ ಜಪ್ ಅದನ್ನು ವಿಸ್ತರಿಸಿದರು. ಆ ಪಟ್ಟಿಯಲ್ಲಿ ನಮ್ಮ ಸಮೀಕರಣದ ವಿಳಾಸ ಹೀಗಿದೆ: ಎರಡನೇ ಬೆಟ್ಟಿ ಸಂಖ್ಯೆ (ಎರಡು ಆಯಾಮದ ತೂತುಗಳ ಎಣಿಕೆ) 1, ಘಾತ 5, ಎರಡನೇ ಚರ್ನ್ ವರ್ಗದಿಂದ ಬರುವ ಸಂಖ್ಯೆ 50, ಮೂರನೇ ಬೆಟ್ಟಿ ಸಂಖ್ಯೆ 204. ಸಮ-ಬೆಸದ ಒಂದು ಗುರುತನ್ನು ಬಿಟ್ಟರೆ ಇಷ್ಟೇ. ಇನ್ನೂ ಸೊಗಸಾದ ಮಾತೆಂದರೆ, 204ರ ಅರ್ಧ 102 ನೋಡಿ, ಮೂರು ಆಯಾಮದ ಎರಡು ಗೋಳಗಳ ಗುಣಲಬ್ಧದ 102 ಪ್ರತಿಗಳನ್ನು ಈ ಆಕಾರದಿಂದ ಕತ್ತರಿಸಿ ತೆಗೆದಿಡಬಹುದು. ಆಮೇಲೆ ಒಂದು ಸಣ್ಣ ತಿರುಳು ಮಾತ್ರ ಉಳಿಯುತ್ತದೆ. ಐದನೇ ಘಾತದ ಸಮೀಕರಣದಲ್ಲಿ ಹೊರನೋಟಕ್ಕೆ ಇದರ ಸುಳಿವೇ ಇಲ್ಲ.

ಇಂಥ ಪಟ್ಟಿ ಕೈಗೆ ಬಂದ ಮೇಲೆ ಬೀಜಗಣಿತೀಯ ಜ್ಯಾಮಿತಿಯವರ ಹಳೆಯ ಅನುಮಾನಗಳನ್ನು ನೇರ ಪರೀಕ್ಷೆಗೆ ಒಡ್ಡಲು ಸಾಧ್ಯವಾಯಿತು. ಹಲವು ಸಮೀಕರಣಗಳ ಛೇದದಿಂದ ಆಗುವ ಮ್ಯಾನಿಫೋಲ್ಡ್‌ಗಳಲ್ಲಿ, ಘಾತಗಳ ಪಟ್ಟಿ ಬೇರೆಯಾಗಿದ್ದೂ ಆಕಾರ ಒಂದೇ ಆಗಿರುವ ಉದಾಹರಣೆಗಳನ್ನು ಲಿಬ್‌ಗೋಬರ್ ಮತ್ತು ವುಡ್ 1980ರ ದಶಕದಲ್ಲಿ ತೋರಿಸಿದರು. ಆಕಾರ ಒಂದೇ, ಆದರೆ ಒಂದನ್ನು ಮೆಲ್ಲಗೆ ಬದಲಿಸುತ್ತ ಹೋದರೆ ಇನ್ನೊಂದು ಸಿಗುವುದಿಲ್ಲ. ವಕ್ರರೇಖೆಗಳಲ್ಲಿ ಇದ್ದ ಭರವಸೆ ಇಲ್ಲಿ ಮುರಿಯಿತು. ಇಂಥ ಛೇದಗಳ ಆಕಾರ ಒಂದೇ ಆಗಲು ಒಟ್ಟು ಘಾತ, ಪೊಂಟ್ರ್ಯಾಗಿನ್ ವರ್ಗಗಳು, ಆಯ್ಲರ್ ಸಂಖ್ಯೆ (ಬೆಟ್ಟಿ ಸಂಖ್ಯೆಗಳನ್ನು ಒಂದು ಬಿಟ್ಟು ಒಂದು ಕೂಡಿ ಕಳೆದರೆ ಬರುವುದು) ಇವಿಷ್ಟು ಹೊಂದಿದರೆ ಸಾಕು ಎಂಬುದು ಸಲಿವನ್ ಅವರ ಊಹೆ. ಸಂಕೀರ್ಣ ಆಯಾಮ 4ರಲ್ಲಿ ಅದನ್ನು ಕ್ರೌಲಿ ಮತ್ತು ನಾಗಿ ಸಾಧಿಸಿದ್ದಾರೆ.

ಎಲ್ಲವೂ ಮರೆವೇ ಎಂದು ತಿಳಿಯಬಾರದು. ಕೇಲರ್ ಗುಣವುಳ್ಳ ಸಂಕೀರ್ಣ ಮ್ಯಾನಿಫೋಲ್ಡ್‌ನ ಆಕಾರ ಪ್ರಕ್ಷೇಪಕ ಅವಕಾಶದ (ಚರಗಳ ಅನುಪಾತಗಳಿಂದಾಗುವ ಅವಕಾಶದ) ಆಕಾರವೇ ಆಗಿದ್ದರೆ ಅದು ಪ್ರಕ್ಷೇಪಕ ಅವಕಾಶವೇ ಸರಿ. ಬೆಸ ಸಂಕೀರ್ಣ ಆಯಾಮಗಳಲ್ಲಿ ಇದನ್ನು 1957ರಲ್ಲಿ ಹಿರ್ಜೆಬ್ರುಖ್ ಮತ್ತು ಕೊಡೈರಾ ತೋರಿಸಿದರು. ಸಮ ಆಯಾಮಗಳಲ್ಲಿ ಉಳಿದಿದ್ದ ಸಂದೇಹವನ್ನು 1977ರಲ್ಲಿ ಯೌ ನಿವಾರಿಸಿದರು. ನಡುವೆ ನೋವಿಕೊವ್ ಅವರ 1965ರ ಪ್ರಮೇಯ ಬಂದದ್ದರಿಂದ, ಆಕಾರ ಒಂದೇ ಎನ್ನಲು ನಯವಾದ ಹೊಂದಿಕೆ ಬೇಕಿಲ್ಲ, ಮುರಿಯದೆ ಬಾಗಿಸುವ ಹೊಂದಿಕೆ ಸಾಕೆಂದಾಯಿತು.

ಈಗ ಗಡಿಯ ವಿಷಯ. 1961ರಲ್ಲಿ ಡೇವಿಡ್ ಮಮ್‌ಫೋರ್ಡ್ ಸಂಕೀರ್ಣ ಆಯಾಮ 2ರ, ಅಂದರೆ ವಾಸ್ತವ ಆಯಾಮ 4ರ, ಮೇಲ್ಮೈಗಳ ಮೊನೆಚಾದ ಬಿಂದುಗಳನ್ನು ಪರಿಶೀಲಿಸಿದರು. ಬಿಂದುವಿನ ಸುತ್ತ ಪುಟ್ಟ ಗೋಳವೊಂದನ್ನು ಇಟ್ಟು ಮೇಲ್ಮೈಯನ್ನು ಅದರೊಂದಿಗೆ ಕತ್ತರಿಸಿದರೆ ಮೂರು ಆಯಾಮದ ಮ್ಯಾನಿಫೋಲ್ಡ್ ಸಿಗುತ್ತದೆ. ಅದರಲ್ಲಿ ಕುಣಿಕೆಗಳೆಲ್ಲ ಕುಗ್ಗುವುದಾದರೆ ಅಲ್ಲಿ ಮೊನೆಯೇ ಇಲ್ಲ, ಬಿಂದು ನಯವಾಗಿಯೇ ಇದೆ ಎಂದು ಅವರು ಸಾಧಿಸಿದರು. ಉದಾಹರಣೆಗೆ ಅ² + ಬ³ + ಕ⁵ = 0 ಎಂಬಲ್ಲಿ ಮೂಲಬಿಂದುವಿನ ಸುತ್ತ ಸಿಗುವುದು ಪ್ವಾಂಕಾರೆ ಕಟ್ಟಿದ ಪ್ರಸಿದ್ಧ ಮ್ಯಾನಿಫೋಲ್ಡ್. ಹೋಮಾಲಜಿಗೆ ಅದು ಗೋಳದಂತೆಯೇ ಕಾಣುತ್ತದೆ, ಕುಣಿಕೆಗಳು ಮಾತ್ರ ಗುಟ್ಟು ಬಿಟ್ಟುಕೊಡುತ್ತವೆ. ಮೇಲಿನ ಆಯಾಮದಲ್ಲೂ ಹೀಗೆಯೇ ಇರಬೇಕು ಎಂದು ನಿರೀಕ್ಷಿಸುವುದು ಸಹಜ. ಎಗ್ಬರ್ಟ್ ಬ್ರೀಸ್ಕಾರ್ನ್ ಆ ನಿರೀಕ್ಷೆಯನ್ನು ಒಂದೇ ಸಾಲಿನಲ್ಲಿ ಮುರಿದರು: ಅ² + ಬ² + ಕ² + ಡ³ = 0. ಮೂಲಬಿಂದುವಿನಲ್ಲಿ ಮೊನೆ ಇದ್ದೇ ಇದೆ, ಆದರೆ ಅದರ ಸುತ್ತ ಸಿಗುವುದು ಯಾವ ದೋಷವೂ ಇಲ್ಲದ ಐದು ಆಯಾಮದ ಗೋಳ. ಇನ್ನೊಂದು ಚರ ಸೇರಿಸಿ ಅ² + ಬ² + ಕ² + ಡ³ + ಇ⁵ = 0 ಎಂದು ಬರೆದರೆ ಮಿಲ್ನರ್ ಅವರ ವಿಚಿತ್ರ ಗೋಳವೇ ಹೊರಬರುತ್ತದೆ. ಕೊನೆಯ ಘಾತವನ್ನು 5, 11, 17 ಎಂದು ಆರಾರು ಏರಿಸುತ್ತ 167ರವರೆಗೆ ಹೋದರೆ 28 ಗೋಳಗಳೂ ಒಂದೊಂದಾಗಿ ಬರುತ್ತವೆ. 1966ರ ಈ ಫಲಿತಾಂಶದಷ್ಟು ಚೆಲುವಾದದ್ದನ್ನು ನಾನು ಗಣಿತದಲ್ಲಿ ಹೆಚ್ಚು ಕಂಡಿಲ್ಲ. ಟೋಪಾಲಜಿಯವರು ಕಷ್ಟಪಟ್ಟು ಹೊಲಿದು ಕಟ್ಟಿದ ವಸ್ತು ಒಂದು ಸಾಲಿನ ಬಹುಪದೋಕ್ತಿಯಲ್ಲಿ ಮೊದಲಿನಿಂದಲೂ ಇತ್ತು.

ಈ ಗಡಿಯನ್ನು ತೋರಿಸಿದವರೆಂದು ಆರಂಭದಲ್ಲಿ ಹೇಳಿದ ಸಿ. ಪಿ. ರಾಮಾನುಜಂ ಹುಟ್ಟಿದ್ದು 1938ರಲ್ಲಿ, ಚೆನ್ನೈಯಲ್ಲಿ. ಅಲ್ಲಿನ ಲೊಯೋಲಾ ಕಾಲೇಜಿನಲ್ಲಿ ಓದಿ 1957ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದರು. ಮೊದಲು ಸಂಖ್ಯಾ ಸಿದ್ಧಾಂತದಲ್ಲಿ ಕೆಲಸ ಮಾಡಿ, ಆಮೇಲೆ ಬೀಜಗಣಿತೀಯ ಜ್ಯಾಮಿತಿಗೆ ಬಂದರು. ಮಮ್‌ಫೋರ್ಡ್ ಆ ಸಂಸ್ಥೆಯಲ್ಲಿ ಅಬೀಲಿಯನ್ ವೆರೈಟಿಗಳ ಮೇಲೆ ಕೊಟ್ಟ ಉಪನ್ಯಾಸಗಳನ್ನು ಬರಹಕ್ಕಿಳಿಸಿದವರು ಇವರೇ. ಇಂದಿಗೂ ಜಗತ್ತಿನೆಲ್ಲೆಡೆ ಓದುವ ಪುಸ್ತಕ ಅದರಿಂದ ಆಯಿತು. ಮನಸ್ಸಿನ ಕಾಯಿಲೆಯೊಂದು ಅವರನ್ನು ವರ್ಷಗಟ್ಟಲೆ ಕಾಡಿತು. ಆ ಕಾಯಿಲೆಯ ಬಿಡುವುಗಳಲ್ಲಿ ಅವರು ಮಾಡಿದ ಕೆಲಸವನ್ನು ನೋಡಿದರೆ ನನಗೆ ಗೌರವದಿಂದ ತಲೆಬಾಗುತ್ತದೆ.

1971ರಲ್ಲಿ ಪ್ರಕಟವಾದ ಅವರ ಲೇಖನ ಇಪ್ಪತ್ತು ಪುಟಗಳದ್ದು. ಅವರು ಎತ್ತಿಕೊಂಡ ಪ್ರಶ್ನೆ ಹೀಗಿದೆ: ಬಹುಪದೋಕ್ತಿಗಳಿಂದ ಹೇಳಬಹುದಾದ ನಯವಾದ ಸಂಕೀರ್ಣ ಮೇಲ್ಮೈಯೊಂದಿದೆ. ಅದನ್ನು ಇಡಿಯಾಗಿ ಒಂದು ಬಿಂದುವಿಗೆ ಕುಗ್ಗಿಸಬಹುದು. ಅಂದ ಮಾತ್ರಕ್ಕೆ ಅದು ಎರಡು ಸಂಕೀರ್ಣ ಚರಗಳ ಮಾಮೂಲಿ ಸಮತಲವೇ ಆಗಿರಬೇಕೆ? ಆಗಿರಬೇಕಿಲ್ಲ ಎಂದು ಅವರು ಒಂದು ಮೇಲ್ಮೈಯನ್ನು ಕಟ್ಟಿಯೇ ತೋರಿಸಿದರು.

ಆ ಕಟ್ಟುವಿಕೆಯನ್ನು ಇಲ್ಲಿರುವ ಬಿ.ಎಸ್ಸಿ. ವಿದ್ಯಾರ್ಥಿಗಳೂ ಹಿಂಬಾಲಿಸಬಹುದು. ಪ್ರಕ್ಷೇಪಕ ಸಮತಲದಲ್ಲಿ ಒಂದು ಮೊನೆಯಿರುವ ಘಾತ 3ರ ವಕ್ರರೇಖೆಯನ್ನೂ, ಘಾತ 2ರ ಒಂದು ಶಾಂಕವವನ್ನೂ ತೆಗೆದುಕೊಳ್ಳಿ. ಮೂರೆರಡಲೆ ಆರು, ಅವು ಆರು ಸಲ ಸಂಧಿಸಬೇಕು. ಐದು ಸಂಧಿಗಳು ಒಂದೇ ಬಿಂದುವಿನಲ್ಲಿ ಒತ್ತಾಗಿ ಸೇರುವಂತೆ, ಆರನೆಯದು ಬೇರೆ ಬಿಂದುವಿನಲ್ಲಿ ಅಡ್ಡ ಹಾಯುವಂತೆ ಅವನ್ನು ಆರಿಸಿ. ಆ ಆರನೆಯ ಬಿಂದುವನ್ನು ಊದಿ, ಅದರ ಜಾಗದಲ್ಲಿ ಒಂದು ಗೋಳವನ್ನು ಕೂರಿಸಿ. ಆಮೇಲೆ ಎರಡೂ ವಕ್ರರೇಖೆಗಳನ್ನು ತೆಗೆದುಹಾಕಿ. ಉಳಿದದ್ದೇ ರಾಮಾನುಜಂ ಮೇಲ್ಮೈ. ಆಯ್ಲರ್ ಸಂಖ್ಯೆಯನ್ನು ಎಣಿಸಿ ನೋಡಿ. ಪ್ರಕ್ಷೇಪಕ ಸಮತಲದ್ದು 3, ಊದಿದ ಮೇಲೆ 4. ಮೊನೆಯ ವಕ್ರರೇಖೆ ಆಕಾರದಲ್ಲಿ ಗೋಳವೇ, ಆದ್ದರಿಂದ 2, ಶಾಂಕವವೂ 2, ಈಗ ಅವು ಕೂಡುವುದು ಒಂದೇ ಬಿಂದುವಿನಲ್ಲಿ, ಹಾಗಾಗಿ ಒಟ್ಟು 3. ನಾಲ್ಕರಿಂದ ಮೂರು ಕಳೆದರೆ ಉಳಿಯುವುದು 1, ಒಂದು ಬಿಂದುವಿನ ಆಯ್ಲರ್ ಸಂಖ್ಯೆ. ಈ ಎಣಿಕೆಯೊಂದೇ ಸಾಧನೆಯಲ್ಲ, ಆದರೆ ಲೆಕ್ಕ ಹೊಂದುತ್ತಿದೆ ಎಂಬುದು ಕಾಣುತ್ತದೆ. ಮೇಲ್ಮೈ ನಿಜಕ್ಕೂ ಬಿಂದುವಿಗೆ ಕುಗ್ಗುತ್ತದೆ.

ಆದರೂ ಅದು ಮಾಮೂಲಿ ಸಮತಲವಲ್ಲ. ವ್ಯತ್ಯಾಸ ಇರುವುದು ಅನಂತದ ಕಡೆಗೆ. ಸಮತಲದಲ್ಲಿ ಎಷ್ಟು ದೂರ ಹೋದರೂ, ದೊಡ್ಡ ಗೋಳವೊಂದರ ಹೊರಗೆ ಎಳೆದ ಕುಣಿಕೆ ಹೊರಗಡೆಯೇ ಕುಗ್ಗುತ್ತದೆ. ರಾಮಾನುಜಂ ಮೇಲ್ಮೈಯಲ್ಲಿ ದೂರದ ಕೆಲವು ಕುಣಿಕೆಗಳನ್ನು ಒಳಕ್ಕೆ ಎಳೆದು ತರದೆ ಕುಗ್ಗಿಸಲಾಗದು. ಲೇಖನದ ಮುಖ್ಯ ಪ್ರಮೇಯ ಹೇಳುವುದು, ಅಡ್ಡಿ ಇದೊಂದೇ ಎಂದು. ಬಿಂದುವಿಗೆ ಕುಗ್ಗುವ ನಯವಾದ ಮೇಲ್ಮೈಯಲ್ಲಿ ಅನಂತದ ಕುಣಿಕೆಗಳೂ ಕುಗ್ಗುವುದಾದರೆ ಅದು ಎರಡು ಚರಗಳ ಸಮತಲವೇ, ಬಹುಪದೋಕ್ತಿಗಳ ಮಟ್ಟದಲ್ಲೂ. ಬರಿಯ ಆಕಾರದಿಂದ ಪೂರ್ಣ ಬೀಜಗಣಿತ ಕೈಗೆ ಬಂತು.

ಇನ್ನು ಒಂದು ಆಯಾಮ ಸೇರಿಸಿ. ಅವರ ಮೇಲ್ಮೈಯನ್ನು ಒಂದು ಸಂಕೀರ್ಣ ರೇಖೆಯೊಂದಿಗೆ ಗುಣಿಸಿದರೆ ಸಂಕೀರ್ಣ ಆಯಾಮ 3, ವಾಸ್ತವ ಆಯಾಮ 6 ಆಗುತ್ತದೆ. ಅನಂತದ ಬಳಿಯ ಅಂಚಿನ ಆಯಾಮ 5. ಈಗ ಜಾಗ ಸಿಕ್ಕಿತು. ಹಟ ಹಿಡಿದಿದ್ದ ಕುಣಿಕೆಗಳು ಹೊಸ ದಿಕ್ಕಿನಲ್ಲಿ ಸರಿದು ಕುಗ್ಗುತ್ತವೆ. ಒಳಗೆ ಒಂದು ಚಿಕ್ಕ ಚೆಂಡನ್ನು ತೆಗೆದರೆ, ಅದರ ಮೇಲ್ಮೈಗೂ ಹೊರ ಅಂಚಿಗೂ ನಡುವಣ ಭಾಗಕ್ಕೆ ಸ್ಮೇಲ್ ಅವರ ಪ್ರಮೇಯದ ಎಲ್ಲ ಷರತ್ತುಗಳೂ ಅನ್ವಯಿಸುತ್ತವೆ. ಆದ್ದರಿಂದ ಅದು ಕೊಳವೆ, ಇಡಿಯಾಗಿ ನೋಡಿದರೆ ಆರು ಆಯಾಮದ ಮಾಮೂಲಿ ಅವಕಾಶ. ಆಕಾರ ಮೂರು ಸಂಕೀರ್ಣ ಚರಗಳ ಅವಕಾಶದ್ದೇ. ಬೀಜಗಣಿತ ಮಾತ್ರ ಅದರದ್ದಲ್ಲ ಎಂಬುದು 1977ರ ಇಟಾಕಾ ಮತ್ತು ಫುಜಿಟಾ ಅವರ ಪ್ರಮೇಯದಿಂದ ಹೊರಬೀಳುತ್ತದೆ. ಸ್ಮೇಲ್ ಪ್ರಮೇಯವಿಲ್ಲದಿದ್ದರೆ ಇಂಥದ್ದೊಂದು ಇದೆಯೆಂದು ಯಾರಿಗೂ ಹೊಳೆಯುತ್ತಿರಲಿಲ್ಲ. ವರ್ಗೀಕರಣದ ಉಪಯೋಗವೇನು ಎಂದು ಕೇಳುವವರಿಗೆ ನನ್ನ ಉತ್ತರ ಇದೇ: ಯಾವುದು ಆಕಾರದಲ್ಲಿಲ್ಲವೋ ಅದನ್ನು ಬೀಜಗಣಿತದಲ್ಲಿ ಹುಡುಕಬೇಕೆಂದು ಅದು ಬೆರಳಿಟ್ಟು ತೋರಿಸುತ್ತದೆ.

ಲೇಖನ ಬಂದ ಮೇಲೆ ರಾಮಾನುಜಂ ಹೆಚ್ಚು ಕಾಲ ಬದುಕಲಿಲ್ಲ. ಅನ್ವಯಿಕ ಗಣಿತಕ್ಕಾಗಿ ಟಾಟಾ ಸಂಸ್ಥೆ ಬೆಂಗಳೂರಿನಲ್ಲಿ ಆರಂಭಿಸಿದ ಶಾಖೆಗೆ ಅವರು ತಾವಾಗಿ ಬಯಸಿ ಬಂದರು. 1974ರ ಅಕ್ಟೋಬರ್ 27ರಂದು ಇಲ್ಲಿಯೇ ತೀರಿಕೊಂಡರು. ವಯಸ್ಸು 36.

ಅವರು ತೆರೆದ ದಾರಿಯಲ್ಲಿ ನಮ್ಮ ದೇಶದವರು ನಡೆಯುತ್ತಲೇ ಬಂದಿದ್ದಾರೆ. ಬಿಂದುವಿಗೆ ಕುಗ್ಗುವ ಇಂಥ ಮೇಲ್ಮೈಗಳೆಲ್ಲ ರ‍್ಯಾಶನಲ್ ಎಂದು, ಅಂದರೆ ಅವುಗಳ ಬಹುಭಾಗವನ್ನು ಎರಡು ಚರಗಳಿಂದಲೇ ಗುರುತಿಸಬಹುದೆಂದು, ಮುಂಬೈಯ ಗುರ್ಜರ್ ಮತ್ತು ಶಾಸ್ತ್ರಿ 1989ರಲ್ಲಿ ಸಾಧಿಸಿದರು. ಹೊರದೇಶದಲ್ಲಿ ಕೊರಾಸ್ ಮತ್ತು ರಸೆಲ್ ಮುಂದಿಟ್ಟ ಅ + ಅ²ಬ + ಕ² + ಡ³ = 0 ಎಂಬ ಸಮೀಕರಣ ಬಹುಕಾಲ ಎಲ್ಲರನ್ನೂ ಕಂಗೆಡಿಸಿತು. ಆಕಾರ ಮೂರು ಚರಗಳ ಅವಕಾಶದ್ದೇ ಎಂದು ಟೋಪಾಲಜಿ ಹೇಳುತ್ತಿತ್ತು, ಇಟಾಕಾ ಮತ್ತು ಫುಜಿಟಾರ ಅಸ್ತ್ರ ಇದರ ಮೇಲೆ ನಾಟಲಿಲ್ಲ. 1996ರಲ್ಲಿ ಮಕರ್-ಲಿಮನೊವ್ ಹೊಸದೊಂದು ಬೀಜಗಣಿತೀಯ ಗುರುತನ್ನು ಕಂಡುಹಿಡಿದು, ಇದು ಆ ಅವಕಾಶವಲ್ಲ ಎಂದು ತೋರಿಸಿದರು.

ರಾಮಾನುಜಂ ಅವರ ವಿಧಾನ ಇನ್ನೊಂದು ಹಳೆಯ ಪ್ರಶ್ನೆಗೂ ನೆರವಾಯಿತು. ಒಂದು ವಸ್ತುವನ್ನು ರೇಖೆಯೊಂದಿಗೆ ಗುಣಿಸಿದಾಗ, ಆಕಾರವಷ್ಟೇ ಅಲ್ಲ, ಬೀಜಗಣಿತವೂ ಸೇರಿ ಮಾಮೂಲಿ ಅವಕಾಶವೇ ಬಂದರೆ, ಮೂಲ ವಸ್ತುವೂ ಮಾಮೂಲಿ ಅವಕಾಶವೇ ಆಗಿರಬೇಕೆ? ಜ಼ಾರಿಸ್ಕಿ ಹೆಸರಿನ ಈ ಪ್ರಶ್ನೆಗೆ ಸಂಕೀರ್ಣ ಮೇಲ್ಮೈಗಳ ಮಟ್ಟಿಗೆ ಹೌದೆಂಬ ಉತ್ತರವನ್ನು ಫುಜಿಟಾ, ಮಿಯಾನಿಶಿ, ಸುಗೀ ಕೊಟ್ಟರು. ಐದನ್ನೋ ಏಳನ್ನೋ ಸೊನ್ನೆಯೆಂದು ಹಿಡಿಯುವ ಅಂಕಗಣಿತಗಳಲ್ಲಿ, ಎಂದರೆ ಅವಿಭಾಜ್ಯ ಸಂಖ್ಯೆಯ ಲಕ್ಷಣವಿರುವ ಕ್ಷೇತ್ರಗಳಲ್ಲಿ, ಆಯಾಮ 3ಕ್ಕೆ ಉತ್ತರ ‘ಆಗಿರಬೇಕಿಲ್ಲ’ ಎಂಬುದನ್ನು ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ನೀನಾ ಗುಪ್ತಾ ತೋರಿಸಿದರು. ಅವರ ಲೇಖನ 2014ರಲ್ಲಿ ಪ್ರಕಟವಾಯಿತು. ಸಂಕೀರ್ಣ ಸಂಖ್ಯೆಗಳ ಮೇಲೆ, ಆಯಾಮ 3ರಲ್ಲಿ, ಆ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ಅದನ್ನು ಕೈಗೆತ್ತಿಕೊಳ್ಳುವವರು ಮೊದಲು 1971ರ ಆ ಇಪ್ಪತ್ತು ಪುಟಗಳನ್ನು ಓದಲಿ ಎಂದು ಇಲ್ಲಿರುವ ತರುಣ ತರುಣಿಯರನ್ನು ಕೇಳಿಕೊಳ್ಳುತ್ತೇನೆ.